ನಲವತ್ತಮೂರು ಸಲ ಬಂದ ಅತಿಥಿ

ಹೆಂಡತಿ ಹನ್ನೊಂದು ದಿನ ಮಾತು ಬಿಟ್ಟರೆ ಮನೆಯಲ್ಲಿ ಫ್ರಿಜ್ಜು ಗೊಣಗುವುದೂ ಕೇಳಿಸುತ್ತದೆ. ನಮ್ಮ ನಿವೃತ್ತ ಕಂಪೋಸಿಟರಿಗೆ (ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿಯೇ ಬೆರಳು ಸವೆಸಿದ ಮಹಾನುಭಾವರು) ಈಗ ಆ ಗೊಣಗಾಟವೇ ಸಂಸಾರ. ತಪ್ಪು ಅವರದೇ. ಟೆಲಿಫೋನ್ ಆಪರೇಟರ್ ಆಗಿದ್ದ ಹೆಂಡತಿ ಮೂವತ್ತು ವರ್ಷ ಕಿವಿಗೇರಿಸಿದ್ದ ಹೆಡ್‌ಫೋನನ್ನು ಇವರು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು. ಆಕೆ ತಮ್ಮ ಕಂಪ್ಯೂಟರನ್ನೂ ಎತ್ತಿಕೊಂಡು ಮಹಡಿ ಕೋಣೆ ಸೇರಿಕೊಂಡರು. ಇವರು ಕೆಳಗೆ ಒಂಟಿ ಪಿಶಾಚಿ.

ಬಾಯಿಬಿಟ್ಟು ‘ತಪ್ಪಾಯ್ತು’ ಅನ್ನುವುದು ಈ ಜನ್ಮದಲ್ಲಿ ಅವರಿಗೆ ಒಲಿಯದ ವಿದ್ಯೆ. ಹಾಗಾಗಿ ಪುಸ್ತಕ ನೋಡಿಕೊಂಡು ತಮ್ಮ ಕಂಪ್ಯೂಟರಿನಲ್ಲೇ ಒಂದು ಕ್ಷಮಾಪಣಾ ಪುಟ ಕಟ್ಟಿದರು. ಎಷ್ಟು ಸಲ ನೋಡಿದ್ದಾರೆಂದು ತೋರಿಸುವ ಪುಟ್ಟ ಚೌಕವನ್ನೂ ಇಟ್ಟರು. ವಿಳಾಸ 127.0.0.1 ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಮರುದಿನ ಚೀಟಿ ಮಾಯ!

ಸಂಜೆಗೆ ಏಳು ಭೇಟಿ. ನಾಲ್ಕು ದಿನಕ್ಕೆ ನಲವತ್ತಮೂರು! “ಓದ್ತಿದಾಳೆ, ಮತ್ತೆ ಮತ್ತೆ ಓದ್ತಿದಾಳೆ!” ಎಂದು ಹಿಗ್ಗಿದರು. ಆದರೆ ಮಹಡಿಯಿಂದ ಒಂದು ಕೆಮ್ಮೂ ಇಲ್ಲ. ಸಿಟ್ಟು ನೆತ್ತಿಗೇರಿ, ಆ ನಾಲ್ಕು ದಿನವೂ ಪುಟದ ತಲೆಯ ಮೇಲೆ ದಿನಕ್ಕೊಂದು ಸಾಲು ಏರಿಸಿದ್ದರು: “ಓದಿಯೂ ಸುಮ್ಮನಿದ್ದೀಯಲ್ಲ!” “ನಿನ್ನದು ಹೃದಯವೋ, ಕಲ್ಲುಬಂಡೆಯೋ?” ಇದರ ಮಧ್ಯೆ ಫೈರ್‌ವಾಲ್ ಎಂಬ ಕಾವಲುಗಾರನ ಕಾಟ ಬೇರೆ. ‘ಇನ್ನೊಂದು ಕಂಪ್ಯೂಟರ್ ಒಳಗೆ ಬರಬೇಕಂತೆ, ಬಿಡಲೇ?’ “ಯಾವನೋ ಕಳ್ಳ” ಎಂದು ಪ್ರತಿ ಸಲವೂ ‘ಬೇಡ’ ಒತ್ತಿದರು.

ಕೊನೆಗೆ ಒಂಟಿತನ ತಡೆಯಲಾರದೆ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತಂಗಿಯ ಮಗಳನ್ನು ಕರೆಸಿದರು.

“ಅಯ್ಯೋ ಮಾವ, 127.0.0.1 ಅಂದ್ರೆ ‘ಇದೇ ಕಂಪ್ಯೂಟರ್’ ಅಂತ. ಅತ್ತೆ ಮೇಲೆ ಕೂತು ಒತ್ತಿದ್ರೆ ಅವರ ಕಂಪ್ಯೂಟರ್ ಒಳಗೇ ಹುಡುಕುತ್ತೆ. ಅಲ್ಲೇನಿದೆ, ಮಣ್ಣು?”

“ಮತ್ತೆ ನಲವತ್ತಮೂರು ಸಲ ಬಂದೋರು ಯಾರು?”

“ನೀವೇ. ಅವರು ಓದಿದ್ರಾ ಅಂತ ನೀವು ತೆರೆದು ನೋಡಿದಾಗೆಲ್ಲ ಒಂದೊಂದು.”

ಕಂಪೋಸಿಟರು ಕುರ್ಚಿಯಲ್ಲಿ ಕುಸಿದರು. “ಅವಳು ಒಂದ್ಸಲನೂ ಬರ್ಲಿಲ್ವಾ?”

“ಬರದೇ ಏನು! ಚೀಟಿ ನಂಬರು ಸರಿಯಿಲ್ಲ ಅಂತ ನನಗೇ ಫೋನ್ ಮಾಡಿ ನಿಮ್ಮ ಕಂಪ್ಯೂಟರಿನ ಸರಿಯಾದ ನಂಬರು ತಗೊಂಡಿದ್ರು. ಫೈರ್‌ವಾಲಿನ ಪಟ್ಟಿ ನೋಡಿ, ಹತ್ತೊಂಬತ್ತು ಸಲ ಬಾಗಿಲು ಬಡಿದಿದಾರೆ. ನೀವು ಹತ್ತೊಂಬತ್ತು ಸಲನೂ ‘ಬೇಡ’ ಅಂದಿದ್ದೀರಿ.”

ಅವರು ಕುರ್ಚಿಯಿಂದ ದಡಬಡನೆ ಎದ್ದರು. “ಬಿಡಮ್ಮ, ಈಗಲೇ ಒಳಗೆ ಬಿಡು!”

ಬಿಟ್ಟಳು. ಸ್ವಲ್ಪ ಹೊತ್ತಿಗೆ, ತೆರೆದೇ ಇದ್ದ ಪುಟದ ಚೌಕದಲ್ಲಿ ತಾನಾಗಿಯೇ ನಲವತ್ತನಾಲ್ಕು. ಕಂಪೋಸಿಟರು ಕಣ್ಣೊರೆಸಿಕೊಂಡರು. ಆಗ ನೆನಪಾಯಿತು: ಪುಟದ ತಲೆಯ ಮೇಲೆ ಕಲ್ಲುಬಂಡೆ, ಕ್ಷಮಾಪಣೆ ಎಲ್ಲೋ ಪಾತಾಳದಲ್ಲಿ!

“ಮುಚ್ಚು, ಮುಚ್ಚು!”

ಮಹಡಿ ಬಾಗಿಲು ದಡಾರೆಂದಿತು. “ಏನ್ರೀ! ನಾನು ಕಲ್ಲುಬಂಡೆನಾ?”

ಅರ್ಧ ಗಂಟೆ ಮಂಗಳಾರತಿ. ಇವರು ಮೆಟ್ಟಿಲ ಮೇಲೆ ಕೂತು, ಒಂದಕ್ಷರ ಬಿಡದೆ ಕೇಳಿಸಿಕೊಂಡರು. ಹನ್ನೊಂದು ದಿನದಿಂದ ಈ ದನಿಗೇ ಹಾತೊರೆದಿದ್ದರಲ್ಲ. ಆಕೆ ಉಸಿರೆಳೆದುಕೊಳ್ಳಲು ನಿಂತಾಗ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಬಾಯಿಬಿಟ್ಟರು.

“ತಪ್ಪಾಯ್ತು ಕಣೇ.”

ಆಕೆ ಎರಡು ಮೆಟ್ಟಿಲು ಇಳಿದು ಬಂದು, ಅವರ ಪಕ್ಕದಲ್ಲೇ ಕೂತರು.

“ಏನಂದ್ರಿ? ಕೇಳಿಸ್ಲಿಲ್ಲ. ನನ್ನ ಹೆಡ್‌ಫೋನು ಗುಜರಿಯಲ್ಲಿದೆ.”