ಇಪ್ಪತ್ತು ಅಡಿ ಕರುಳು ಮತ್ತು ಸೊಸೆಯ ಚಪಾತಿ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಮುದುಕರಿಗೆ ಮೆತ್ತಗಿನದನ್ನೇ ಉಣಿಸಬೇಕು ಎಂದು ಮೊದಲು ಹೇಳಿದ ಪುಣ್ಯಾತ್ಮ ಎದುರಿಗೆ ಸಿಕ್ಕರೆ ಅವನಿಗೆ ಮೂರು ಹೊತ್ತೂ ಬರೀ ಗೋಧಿ ಗಂಜಿ ಕುಡಿಸುವಷ್ಟು ಸಿಟ್ಟು ನನಗೆ ಇವತ್ತಿಗೂ ಇದೆ. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಸಿಟ್ಟನ್ನು ಮಾತ್ರ ತಿದ್ದಬೇಡಿ.

ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಉಂಡವಳಿಗೆ ಒಮ್ಮೆ ಹೊಟ್ಟೆ ಕೆಟ್ಟಿತು. ಹಿಂದೆಯೂ ಹಬ್ಬದ ಹೋಳಿಗೆ ತಿಂದಾಗಲೆಲ್ಲ ಕೆಡುತ್ತಿತ್ತು, ಆದರೆ ಹೋಳಿಗೆಯ ಮೇಲೆ ಯಾರು ಅನುಮಾನ ಪಡುತ್ತಾರೆ? ಸೊಸೆ ಶಾಂತಾ ಕೂಡಲೇ ತೀರ್ಪು ಕೊಟ್ಟಳು: “ರೊಟ್ಟಿ ಗಡಸರಿ ಅತ್ತಿ, ನಿಮ್ಮ ಕರುಳು ತಡ್ಯಂಗಿಲ್ಲ. ಚಪಾತಿ ತಿನ್ರಿ, ಮೆತ್ತಗಿರ್ತೈತಿ.” ತಿಂದೆ. ಭೇದಿ ಹೆಚ್ಚಾಯಿತು. ಚಪಾತಿ ಹೋಗಿ ಗೋಧಿ ಗಂಜಿ ಬಂತು. ಇನ್ನೂ ಹೆಚ್ಚಾಯಿತು. ನೋಡಲು ಬಂದವರು ಬ್ರೆಡ್ಡು, ರಸ್ಕು ತಂದು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರು. ನಾನು ಇಳಿದಷ್ಟೂ ಊಟ ಮೆತ್ತಗಾಯಿತು, ಊಟ ಮೆತ್ತಗಾದಷ್ಟೂ ನಾನು ಇಳಿದೆ. ಬಳೆ ಮೊಣಕೈವರೆಗೆ ಸರಿಯುತ್ತಿತ್ತು. ಒಂದು ಚೂರು ರೊಟ್ಟಿ ಕೇಳಿದರೆ ಮಗ ಈರಣ್ಣ, “ಸಾಯಬೇಕಂತ ಮಾಡಿಯೇನವ್ವಾ?” ಎಂದು ಗದರುತ್ತಿದ್ದ. ಸಾಯುತ್ತಿದ್ದದ್ದು ಖರೆ. ರೊಟ್ಟಿಯಿಂದಲ್ಲ.

ಕೊನೆಗೆ ವಿದ್ಯಾನಗರದ ದವಾಖಾನೆಯಲ್ಲಿ ಬಾಯಿಂದ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ತಪಾಸಣೆ ಮಾಡಿದರು.

“ಅಜ್ಜಿ, ಸಣ್ಣ ಕರುಳು ಇಪ್ಪತ್ತು ಫೂಟ್ ಉದ್ದ ಇರ್ತದ್ರಿ,” ಎಂದಳು ಡಾಕ್ಟರ್ ಹೆಣ್ಣುಮಗಳು.

“ನನ್ನ ಸೀರಿಗಿಂತ ಉದ್ದ! ಇಷ್ಟು ಹೊಟ್ಟ್ಯಾಗ ಹೆಂಗ ಕುಂತೈತಿ?”

“ಸುತ್ತಿ ಸುತ್ತಿ ಕುಂತದ. ಒಳಗ ಟರ್ಕಿ ಟಾವೆಲ್ಲಿನಂಗ ಸಣ್ಣ ಸಣ್ಣ ಎಳಿ ಇರ್ತಾವು. ಉಂಡದ್ದರ ಸತ್ವ ಹೀರಿ ರಕ್ತಕ್ಕ ಕೊಡೂದು ಅವ. ನಿಮಗ ಗೋಧಿ ಒಗ್ಗಂಗಿಲ್ಲ. ತಿಂದು ತಿಂದು ಎಳಿ ಸವದು ಟಾವೆಲ್ ಬೋಳಾಗೇದ. ಉಂಡದ್ದು ಮೈಗೆ ಹತ್ತೂದು ಹೆಂಗ?”

“ಜೋಳದ ರೊಟ್ಟಿ?”

“ಆರಾಮ ತಿನ್ರಿ. ಗೋಧಿ ಬಿಟ್ರ ಎಳಿ ಮತ್ತ ಬೆಳೀತಾವು. ಆದ್ರ ಗೋಧಿ ಬೀಸೋ ಗಿರಣಿ ಹಿಟ್ಟು ಬ್ಯಾಡ. ಚಿಟಿಕಿ ಬೆರತ್ರೂ ತ್ರಾಸ.”

ನಾನು ಜೊತೆಗೆ ಬಂದಿದ್ದ ಶಾಂತಾಳತ್ತ ತಿರುಗಿದೆ. ಅವಳು ಗೋಡೆಯ ಮೇಲಿನ ಕರುಳಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಗೋಪನಕೊಪ್ಪದ ನಮ್ಮ ಮನೆ ಮುಟ್ಟುವವರೆಗೂ ಆಟೋದಲ್ಲಿ ಅವಳನ್ನು ಬೈದೆ. “ಇರ್ಲಿ ಬಿಡ್ರಿ ಅಜ್ಜಿ, ಪ್ರೀತೀಲೆ ಮಾಡ್ಯಾರ,” ಎಂದ ಆಟೋದವನಿಗೂ ಎರಡು ಬಿದ್ದವು: “ಪ್ರೀತಿ ಇದ್ರ ನಾ ಕೇಳಿದ್ದು ಕೊಡಬೇಕಪಾ!”

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಕೆಳಗಿದ್ದ ಬೀಸುಕಲ್ಲನ್ನು ಈರಣ್ಣನಿಂದ ಹೊರಿಸಿ, ತೊಳೆಸಿ, ಬಿಸಿಲಿಗಿಟ್ಟು ಒಣಗಿಸಿದೆ. “ಯಾರೂ ಮುಟ್ಟಬ್ಯಾಡ್ರಿ! ನನ್ನ ಹಿಟ್ಟು ನಾನ ಬೀಸ್ಕೋತೇನಿ,” ಎಂದು ಸಾರಿ, ಜೋಳ ಹಾಕಿ ಗೂಟ ಹಿಡಿದೆ. ಕಲ್ಲು ಅಲುಗಲಿಲ್ಲ. ಎರಡೂ ಕೈ ಹಾಕಿದೆ. ನಾನೇ ಅಲುಗಿದೆ.

“ಏನ್ ನೋಡ್ಕೋತ ನಿಂತಿ ಶಾಂತಾ? ಬಾ, ಎದುರಿಗೆ ಕೂಡು.”

ಕೂತಳು. ನಾನು ಕಾಳು ಹಾಕುತ್ತ ಬೈದೆ, ಅವಳು ಕಲ್ಲು ತಿರುವಿದಳು.