ಹೆರಿಗೆ ವಾರ್ಡಿನಲ್ಲಿ ನನ್ನ ಬಂಧನ

ಲಾಠಿಗೆ ನಾನು ಹೆದರಿದವನಲ್ಲ. ಅಶ್ರುವಾಯುವಿಗೂ ಹೆದರಿದವನಲ್ಲ. (ಕಣ್ಣಲ್ಲಿ ನೀರು ಬಂದದ್ದು ನಿಜ. ಅದು ಹೆದರಿಕೆಯಲ್ಲ, ವಿಜ್ಞಾನ.) ಆದರೆ ತುಂಬು ಬಸುರಿಯನ್ನು 'ಸುಮ್ಮನೆ ನೋಡಿಕೊಂಡು ಹೋಗೋಣ ಅಂತ' ಬರುವ ಹೆಂಗಸರ ದಂಡು ಇದೆಯಲ್ಲ, ಅದರ ಮುಂದೆ ಮೀಸಲು ಪಡೆಯೂ ನಿಲ್ಲದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇನೆ. ಇವರು ಕೂಸು ಹುಟ್ಟುವ ಮುಂಚೆ ತಾಯಿಗೆ ಗೋರಿ ಕಟ್ಟಿ, ಮೇಲೆ ಕೂತು ಚಹಾ ಕುಡಿಯುವವರು.

ನನ್ನ ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವನು ಎದುರಿಗೆ ಬರುವ ಲಾರಿಯ ಮೂತಿಗೇ ಕಾರು ತಿರುಗಿಸಿದರೂ, "ಬ್ರೇಕು ಮಧ್ಯದ್ದು ಸಾರ್, ಗಾಬರಿ ಬೇಡ" ಎಂದು ಉಗುರು ನೋಡಿಕೊಂಡು ಹೇಳುವ ಗಟ್ಟಿಗಿತ್ತಿ. ಅಂಥವಳು ಬಸುರಾಗಿ ಎಂಟು ತಿಂಗಳು ತುಂಬುವ ಹೊತ್ತಿಗೆ ಗಂಟಲಲ್ಲಿ ಅನ್ನ ಇಳಿಯದಂತಾಯಿತು. ಕಾರಣ, ಎದುರು ಮನೆಯಾಕೆ. ಬೀದಿಯಲ್ಲಿ ಆಕೆಗೆ 'ವಾರ್ತಾ ಇಲಾಖೆ' ಎಂದೇ ಹೆಸರು.

"ನನ್ನ ನಾದಿನಿ ಅರಚಿದ್ದು ಕೇಳಿ ಪಕ್ಕದ ಬೀದಿ ನಾಯಿಗಳೆಲ್ಲ ಊರು ಬಿಟ್ಟು ಹೋದ್ವು ಕಣೇ," ಎಂದು ಶುರು ಮಾಡಿ, ಹೊಲಿಗೆ, ಕತ್ತರಿ, ರಕ್ತ ಎಲ್ಲವನ್ನೂ ಬಡಿಸಿ, ಕೊನೆಗೆ, "ನಿನಗೆ ಹಾಗೇನೂ ಆಗಲ್ಲ ಬಿಡು, ಧೈರ್ಯವಾಗಿರು," ಎಂದು ಗಾಯಕ್ಕೆ ಉಪ್ಪು ಸವರಿ ಏಳುತ್ತಿದ್ದಳು.

ಒಂದು ದಿನ ತಪಾಸಣೆಗೆ ಮಗಳ ಜೊತೆ ನಾನೂ ಹೋದೆ. ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಹೊಟ್ಟೆ ಮುಟ್ಟಿ ನೋಡುತ್ತಿದ್ದಂತೆ ಇವಳು, "ನನ್ನನ್ನ ಈಗ್ಲೇ ಮಲಗಿಸಿಬಿಡಿ ಸಿಸ್ಟರ್. ಮಗು ಶಾಲೆಗೆ ಸೇರೋ ಹೊತ್ತಿಗೆ ಎಬ್ಬಿಸಿದ್ರೆ ಸಾಕು," ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಆಸ್ಪತ್ರೆಯ ಗೇಟು ದಾಟಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ, "ಅಪ್ಪಾ, ಗೇರು ಹಾಕೋಕೆ ಕೈ ಬರ್ತಿಲ್ಲ," ಎಂದು ಸ್ಟಿಯರಿಂಗಿಗೆ ತಲೆ ಒರಗಿಸಿ ಅತ್ತಳು. ನನಗೆ ಕಾರು ಓಡಿಸಲು ಬರದು. ಬಸ್ ಡಿಪೋದಲ್ಲಿ ಜೀವಮಾನವೆಲ್ಲ ಎಂಜಿನ್ನು ಬಿಚ್ಚಿದವನು ಆ ಹೊತ್ತಿನಲ್ಲಿ ಅವಳ ಬೆನ್ನು ಸವರುತ್ತ ಬೆಪ್ಪನಂತೆ ಕೂತಿದ್ದೆ.

ಹೊರಡುವಾಗ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಮಗು ಸರಿಯಾಗಿದೆ, ತಲೆ ಕೆಳಗಿದೆ, ಎಲ್ಲ ನೆಟ್ಟಗಿದೆ. ಕೆಟ್ಟಿರೋದು ಇವರ ಕಿವಿ ಮಾತ್ರ. ನೋವು ಇರುತ್ತೆ, ಸುಳ್ಳು ಯಾಕೆ ಹೇಳ್ಲಿ? ಅದಕ್ಕೆ ನಮ್ಮ ಹತ್ರ ದಾರಿ ಇದೆ. ಭಯಕ್ಕೆ ನೀವೇ ದಾರಿ ಹುಡುಕಬೇಕು. ಚೆನ್ನಾಗಿ ಹೆತ್ತವರ ಮಾತು ಕಿವಿಗೆ ಬೀಳಲಿ."

ಅಷ್ಟು ಸಾಕಾಯಿತು. ಮರುದಿನ ಬೆಳಗ್ಗೆ ಮಹಡಿ ಮೆಟ್ಟಿಲಿಗೆ ಅಡ್ಡ ಬೆಂಚು ಹಾಕಿ ಕೂತೆ. (ಮಗಳು ಅಳಿಯ ಇರುವುದು ಮಹಡಿಯಲ್ಲಿ, ನಾವು ಮುದುಕರು ಕೆಳಗೆ.) ತಲೆಯ ಮೇಲೊಂದು ಹಲಗೆ ತೂಗುಹಾಕಿದೆ: 'ಹೆದರಿಸುವವರಿಗೆ ಪ್ರವೇಶವಿಲ್ಲ. ಚೆನ್ನಾಗಿ ಹೆತ್ತವರಿಗೆ ಚಹಾ ಉಂಟು.'

ನನ್ನ ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಇಣುಕಿದಳು. ಅವಳು ದರ್ಜಿ, ಬೀದಿಯ ಅರ್ಧ ಜನರ ಸೊಂಟದ ಗುಟ್ಟು ಅವಳ ಬಳಿ ಇದೆ.

"ನಿಮಗೊಂದು ಬೆಂಚು ಸಿಕ್ಕಿದ್ರೆ ಸಾಕು, ಧರಣಿ ಶುರು. ಚಹಾ ಯಾರು ಮಾಡೋದು?"

"ಜನಾಂದೋಲನದಲ್ಲಿ ಎಲ್ಲರದೂ ಒಂದೊಂದು ಪಾಲು ಇರುತ್ತೆ."

"ಹೂಂ. ನಿಮ್ಮ ಪಾಲಿಗೆ ಬೆಂಚು, ನನ್ನ ಪಾಲಿಗೆ ಪಾತ್ರೆ."

ಮೊದಲು ಬಂದದ್ದು ವಾರ್ತಾ ಇಲಾಖೆಯೇ. "ಏನ್ರೀ ಇದು, ಬಸುರಿ ನೋಡೋಕೂ ಪಾಸು ಬೇಕಾ?"

"ಒಳ್ಳೆ ಹೆರಿಗೆ ಕಥೆ ಇದ್ರೆ ಹತ್ತಿ. ಇಲ್ಲಾಂದ್ರೆ ಇಳೀರಿ."

"ಒಳ್ಳೇದೂ ಅಂತ ಒಂದು ಹೆರಿಗೆ ಇರುತ್ತಾ?" ಎಂದು ಮೂಗು ಮುರಿದು ಹೊರಟಳು. ಮೂರು ಹೆಜ್ಜೆ ಹೋಗಿ ನಿಂತಳು. ಒಳಗಿನ ಸುದ್ದಿ ತಿಳಿಯದೆ ಆಕೆಗೆ ರಾತ್ರಿ ನಿದ್ದೆ ಬರುವುದಿಲ್ಲ. ತಿರುಗಿ ಬಂದು ಗೊಣಗಿದಳು: "ನನ್ನ ಎರಡನೇದು ಪರವಾಗಿರ್ಲಿಲ್ಲ."

ಮೇಲೆ ಕೂರಿಸಿ ಬಾಯಿ ಬಿಡಿಸಿದೆವು. ಆಕೆ ಆ ದಿನ ನೋವಿನ ನೆಪದಲ್ಲಿ ತನ್ನ ಗಂಡನಿಗೆ ಮದುವೆಯಾದಾಗಿನಿಂದ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಬೈದಳಂತೆ. "ಅವರ ಅಮ್ಮ ಪಕ್ಕದಲ್ಲೇ ನಿಂತಿದ್ರು ಕಣೇ! ತುಟಿ ಪಿಟಕ್ ಅನ್ನೋ ಹಾಗಿಲ್ಲ. ಒಂದೊಂದು ನೋವಿಗೂ ಒಂದೊಂದು. ಬೈಗುಳ ಮುಗಿಯೋಕೆ ಮುಂಚೆ ಮಗೂನೇ ಬಂದುಬಿಡ್ತು, ಇನ್ನೂ ನಾಕು ಉಳಿದಿದ್ವು. ಅಂಥ ಸುಖ ಮತ್ತೆ ಸಿಗಲಿಲ್ಲ ಬಿಡು."

ಮಗಳ ತುಟಿಯ ಒಂದು ಮೂಲೆ ಅಲುಗಿತು.

ಆಮೇಲೆ ಹಿಂದಿನ ಬೀದಿಯ ಬ್ಯಾಂಕಿನ ಕ್ಯಾಷಿಯರಮ್ಮ ಬಂದರು. ನೋವು ಜಾಸ್ತಿಯಾದಾಗ ಬೆನ್ನಿಗೆ ಸೂಜಿ ಕೊಡಿಸಿಕೊಂಡು, ಒಂದು ನಿದ್ದೆಯನ್ನೂ ಹೊಡೆದು, ಎದ್ದು ಹೆತ್ತರಂತೆ. "ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಚೆನ್ನಾಗಿತ್ತು ಅಂದ್ರೆ, 'ಓಹೋ, ಭಾರಿ ಇವಳೊಬ್ಬಳೇ ಹೆತ್ತವಳು' ಅಂತಾರೆ. ಕಷ್ಟ ಆಯ್ತು ಅಂದ್ರೆ ಮಾತ್ರ ಕುರ್ಚಿ ಹಾಕ್ತಾರೆ."

ನನಗೆ ಜ್ಞಾನೋದಯವಾಯಿತು. ಚೆನ್ನಾಗಿ ಹೆತ್ತವರು ಬೀದಿ ತುಂಬ ಇದ್ದರು. ಅವರಿಗೆ ವೇದಿಕೆ ಇರಲಿಲ್ಲ. ನಾಲ್ಕು ದಿನದಲ್ಲಿ ಮೆಟ್ಟಿಲ ಮೇಲೆ ಸಾಲು ನಿಂತಿತು. ನಾನು ಬೆಂಚಿನ ಮೇಲೆ ಕಾಲು ಚಾಚಿ, ಕ್ರಾಂತಿ ಯಶಸ್ವಿಯಾಯಿತೆಂದು ಹಲ್ಲಿಗೆ ಕಡ್ಡಿ ಆಡಿಸುತ್ತಿದ್ದೆ.

ಆಗ ಮಹಡಿಯಿಂದ ಇಳಿದು ಬಂದ ಮಗಳು ಕೇಳಿದಳು: "ಅಮ್ಮಾ, ನಿಂದು ಹೇಗಾಯ್ತು? ನಾನು ಹುಟ್ಟಿದ್ದು?"

"ಅದನ್ನ ನಾನು ಹೇಳ್ತೀನಿ," ಎಂದು ಎದ್ದು ನಿಂತೆ. ಅದು ನನ್ನ ಕಥೆ. ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. "ಬಂಧುಗಳೇ! ನನ್ನ ಮಗಳು ಹುಟ್ಟುವ ಘಳಿಗೆಯಲ್ಲಿ ನಾನು ಲಾಕಪ್ಪಿನಲ್ಲಿದ್ದೆ! ಬಸ್ ಮುಷ್ಕರದ ನಾಯಕನೆಂದು ಪೊಲೀಸರು ಹೆರಿಗೆ ವಾರ್ಡಿನಿಂದಲೇ ನನ್ನನ್ನು ಎಳೆದೊಯ್ದರು! ಒಬ್ಬಂಟಿ ಹೆಂಗಸು ಅಲ್ಲಿ ನರಳುತ್ತಿದ್ದರೆ, ಕಟುಕ ಸರ್ಕಾರ ನನ್ನನ್ನು ಎರಡು ದಿನ ಬಿಡಲಿಲ್ಲ! ನಾನು ಅಲ್ಲಿದ್ದೇನೆಂದು ಸುದ್ದಿ ಕೊಟ್ಟವನು ಯಾರು? ನಮ್ಮೊಳಗಿನ ದ್ರೋಹಿ!" (ದ್ರೋಹಿ ಯಾರೆಂದು ನನಗೆ ಗೊತ್ತಿತ್ತು: ನಮ್ಮ ಡಿಪೋದಲ್ಲಿ 'ಡೀಸೆಲ್' ಎಂದು ಅಡ್ಡಹೆಸರಿದ್ದ ಗೆಳೆಯ. ಅಂದಿನಿಂದ ಅವನ ಜೊತೆ ಒಂದು ಲೋಟ ಚಹಾ ಕುಡಿದಿಲ್ಲ.) ಈ ಜಾಗದಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಾರೆ.

"ಅಪ್ಪಾ, ಅದು ನೀವು ಜೈಲಿಗೆ ಹೋದ ಕಥೆ. ನಾನು ಕೇಳಿದ್ದು ಅಮ್ಮ ಹೆತ್ತ ಕಥೆ."

ಹೆಂಡತಿ ದಾರ ಕಚ್ಚಿ ತುಂಡರಿಸಿದಳು. "ಬೇಡ ಬಿಡು. ನಿಮ್ಮಪ್ಪ ಇಲ್ಲೇ ಇದ್ದಾರೆ."

"ಇರ್ಲಿ ಬಿಡಮ್ಮ, ಹೇಳು."

"ಬೆಳಗ್ಗೆ ನೋವು ಶುರುವಾಯ್ತು. ಚೆನ್ನಾಗೇ ಬರ್ತಿತ್ತು. ಇವರು ಮಂಚದ ಪಕ್ಕ ನಿಂತ್ರು. ನಲ್ಲೀಲಿ ನೀರು ಯಾಕಿಲ್ಲ ಅಂತ ನರ್ಸಿಗೆ ಕೇಳಿದ್ರು. ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಅಂತ ಆಯಾಗೆ ಕೇಳಿದ್ರು. ಆಯಾಗಳಿಗೆ ಸಂಬಳ ಎಷ್ಟು ಅಂತ ವಿಚಾರಿಸಿದ್ರು. ಅರ್ಧ ಗಂಟೇಲಿ ನನ್ನ ಮಂಚದ ಸುತ್ತ ಸಭೆ ಸೇರಿಬಿಡ್ತು. ಒಬ್ಬಳು ಭಾಷಣ ಕೇಳ್ತಾ ನನ್ನ ಕಾಲ ಮೇಲೇ ಕೂತಿದ್ಲು. ನೋವು ನಿಂತೇ ಹೋಯ್ತು! ಮಗೂಗೆ ಈ ಗದ್ದಲಕ್ಕೆ ಯಾಕೆ ಬರ್ಲಿ ಅನ್ನಿಸಿರಬೇಕು."

"ಆಮೇಲೆ?"

"ಆಮೇಲೆ ಪೊಲೀಸರು ಬಂದ್ರು, ದೇವರು ಬಂದ ಹಾಗೆ." ಅವಳ ಮುಖ ಹೊಸ ಬಟ್ಟೆಯ ಮಡಿಕೆ ಬಿಚ್ಚಿದ ಹಾಗೆ ಅರಳಿತು. "ಬಾಗಿಲು ಹಾಕಿದ್ರು. ಎಂಥಾ ನಿಶ್ಶಬ್ದ! ನೋವು ಮತ್ತೆ ಬಂತು, ಅಲೆ ಬಂದ ಹಾಗೆ. ಬರೋದು, ಹೋಗೋದು. ಕಿಟಕಿ ಸರಳು ಹಿಡ್ಕೊಂಡು ಓಲಾಡ್ತಾ ನಿಂತೆ. ಒಬ್ಬರು ಹಳೇ ನರ್ಸು ಸೊಂಟ ತಿಕ್ಕಿದ್ರು. ನಡುನಡುವೆ ಅವರ ಮಗಳ ಫ್ರಾಕಿಗೆ ಪಫ್ ತೋಳು ಹೇಗೆ ಇಡೋದು ಅಂತ ಹೇಳಿಕೊಟ್ಟೆ. ತೋಳು ಮುಗೀತು, ನೀನು ಬಂದೆ. ಬಂದೋಳೇ ನನ್ನನ್ನ ನೋಡಿ ಆಕಳಿಸಿದೆ. ನಂಗೆ ನಗು ತಡೀಲಿಲ್ಲ."

ಮಗಳು ನಕ್ಕಳು. ತಿಂಗಳಿನಿಂದ ಕೇಳದ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಅಳಿಯನೂ ನಕ್ಕ. ಅವನು ವೈರಿಂಗ್ ಕೆಲಸದವನು, ಮಾತಿಗೂ ಮೀಟರ್ ಹಾಕಿಸಿಕೊಂಡವನು, ನಕ್ಕದ್ದೇ ದೊಡ್ಡದು. ಆ ರಾತ್ರಿ ಮಗಳು ಎರಡು ಸಲ ಬಡಿಸಿಕೊಂಡು ಉಂಡಳು.

ನನಗೆ? ನನ್ನ ಜೀವಮಾನದ ಭಾಷಣದ ಟಯರು ಪಂಚರ್ ಆಗಿತ್ತು. ಆದರೂ ಹೋರಾಟಗಾರ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. "ಈ ಸಲ ನಾನು ಬರ್ತೀನಿ. ಬಾಯಿ ಬಿಡಲ್ಲ. ಮೂಲೇಲಿ ಕೂತಿರ್ತೀನಿ," ಎಂದು ಸಾರಿದೆ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಆ ದಿನ ಬಂತು. ಮಗಳು ತಾನೇ ಚೀಲ ಹೆಗಲಿಗೆ ಹಾಕಿಕೊಂಡು, ಗಂಡ ಕಾರು ತಿರುಗಿಸುವಾಗ, "ಕ್ಲಚ್ಚು ಮೆತ್ತಗೆ ಬಿಡಿ," ಎಂದು ಪಾಠವನ್ನೂ ಹೇಳುತ್ತ ಹೊರಟಳು. ಆಸ್ಪತ್ರೆಯಲ್ಲಿ ಅವಳೂ ಅಳಿಯನೂ ಅಮ್ಮನೂ ಒಳಗೆ ಹೋದರು. ನಾನು ಮೊಗಸಾಲೆಯಲ್ಲಿ ಕೂತೆ. ನನ್ನ ಆತ್ಮಸಂಯಮಕ್ಕೆ ನಾನೇ ಬೆರಗಾದೆ. ಆದರೆ ಆ ಮೊಗಸಾಲೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಕಾಯುವವರು ಇಪ್ಪತ್ತು ಜನ, ಕುರ್ಚಿ ಎರಡು. ಇದನ್ನು ಕಂಡೂ ಸುಮ್ಮನಿರುವವನು ಮನುಷ್ಯನೇ? "ಇದು ಹೀಗೇನಾ ಯಾವಾಗ್ಲೂ?" ಎಂದು ಪಕ್ಕದವನನ್ನು ಕೇಳಿದೆ, ಅಷ್ಟೇ. ಅದು ಹೇಗೋ, ಸ್ವಲ್ಪ ಹೊತ್ತಿನಲ್ಲಿ ಆ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ನಾನು ನಿಂತಿದ್ದೆ.

"ಬೇಕೇ ಬೇಕು!"

"ಫ್ಯಾನು ಬೇಕು!"

ಒಳಗಿನಿಂದ ಮಗಳ ದನಿ ಬಂತು. ನೋವಿನದಲ್ಲ. "ಅಮ್ಮಾ! ಅಪ್ಪ ಶುರು ಮಾಡಿದ್ರು!"

ಹತ್ತು ನಿಮಿಷ ಕಳೆದಿರಬೇಕು, ಭುಜದ ಮೇಲೆ ಒಂದು ಕೈ ಬಿತ್ತು. ಅಂಥ ಕೈಯನ್ನು ನನ್ನ ಭುಜ ಮರೆಯುವುದಿಲ್ಲ. ತಿರುಗಿದರೆ ಮೀಸೆ ಇನ್‌ಸ್ಪೆಕ್ಟರ್! ಅಂದು ನನ್ನನ್ನು ವಾರ್ಡಿನಿಂದ ಎಳೆದೊಯ್ದ ಅದೇ ಮನುಷ್ಯ. ಮೀಸೆ ಬೆಳ್ಳಗಾಗಿತ್ತು, ಕಾಲಿಗೆ ವಾಕಿಂಗ್ ಬೂಟು. ನಿವೃತ್ತನಾದ ಮೇಲೆ ಉಬ್ಬುತ್ತಿರುವ ಅವನ ಪ್ಯಾಂಟಿನ ಸೊಂಟ ಸಡಿಲಿಸಿಕೊಡುವುದು ನನ್ನ ಹೆಂಡತಿಯೇ.

"ನಡೀರಿ ನಾಯಕರೇ."

"ಯಾವ ಸೆಕ್ಷನ್?"

"ಸಾರ್ವಜನಿಕ ಶಾಂತಿಭಂಗ. ಸಾರ್ವಜನಿಕ ಅಂದ್ರೆ ನಿಮ್ಮ ಮಗಳು."

"ವಾರಂಟ್ ಎಲ್ಲಿ?"

"ನಿಮ್ಮ ಮನೆಯವರು ಫೋನಲ್ಲೇ ಹೊರಡಿಸಿದ್ದಾರೆ."

ಇಂಥ ಸಂದರ್ಭಕ್ಕೆ ನಮ್ಮಲ್ಲೊಂದು ಪಟ್ಟು ಉಂಟು: ನೆಲಕ್ಕೆ ಬಿದ್ದು ಹೆಣಭಾರ ಆಗಿಬಿಡುವುದು. ಕುರ್ಚಿಯಿಂದ ಇಳಿದು ಮಲಗಿಬಿಟ್ಟೆ. ಅವನು ಬಗ್ಗಿದ, "ಅಯ್ಯಪ್ಪಾ!" ಎಂದು ಅರ್ಧಕ್ಕೇ ನಿಂತ.

"ಸೊಂಟ ಹಿಡೀತು. ನಿಮ್ಮನ್ನ ಎತ್ತೋ ಕಾಲ ಹೋಯ್ತು ಮಾರಾಯ್ರೇ. ದಯವಿಟ್ಟು ನೀವೇ ಏಳಿ."

"ಏಳ್ತಿದ್ದೆ. ಮಂಡಿ ಮಡಚಿದ್ದು ಬಿಚ್ಚಿಕೊಳ್ತಾ ಇಲ್ಲ."

ಇಪ್ಪತ್ತು ಜನ ಸೇರಿ ಹಿಡಿಯಲು ಬಂದವನನ್ನೂ ಸಿಕ್ಕಿಬಿದ್ದವನನ್ನೂ ನೆಟ್ಟಗೆ ಮಾಡಿ ನಿಲ್ಲಿಸಿದರು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಕ್ಯಾಂಟೀನಿಗೆ ಹೋದೆವು. ಅವನು ಚಹಾ, ಬನ್ನು ತರಿಸಿದ. ಬಂಧಿತನಿಗೆ ಆಹಾರ ಕೊಡುವುದು ಕಾನೂನು.

ಬನ್ನು ಅದ್ದುತ್ತ ಕೇಳಿದೆ: "ಈಗ ನಾವಿಬ್ಬರೂ ಮುದುಕರು. ನಿಜ ಹೇಳಿ. ಆವತ್ತು ನಾನು ಆಸ್ಪತ್ರೇಲಿದ್ದೀನಿ ಅಂತ ಸುದ್ದಿ ಕೊಟ್ಟವನು ಡೀಸೆಲ್ಲೇ ತಾನೆ?"

"ಯಾವ ಡೀಸೆಲ್? ಠಾಣೆಗೆ ಆಸ್ಪತ್ರೆಯಿಂದ ಫೋನ್ ಬಂತು. ಹೆಂಗಸಿನ ದನಿ. 'ನೀವು ಹುಡುಕ್ತಿರೋ ಮನುಷ್ಯ ಹೆರಿಗೆ ವಾರ್ಡಲ್ಲಿದ್ದಾರೆ, ಬೇಗ ಬನ್ನಿ' ಅಂತ. ಯಾರಮ್ಮಾ ನೀವು ಅಂದೆ. 'ಅವರ ಹೆಂಡ್ತಿ. ಬರುವಾಗ ಹಾರನ್ ಹೊಡೀಬೇಡಿ, ಇಲ್ಲಿ ಹೆರಿಗೆ ನಡೀತಿದೆ' ಅಂದ್ರು."

ಬನ್ನು ಚಹಾದೊಳಗೆ ಮುಳುಗಿ ಹೋಯಿತು.

"ಆದ್ರೆ ಎರಡು ದಿನ... ಸರ್ಕಾರದ ಕ್ರೌರ್ಯ..."

"ಸಂಜೆಗೇ ಬಿಡಬೇಕಿತ್ತು. 'ನಂಗೆ ಸ್ವಲ್ಪ ನಿದ್ದೆ ಬೇಕು, ಇನ್ನೊಂದು ದಿನ ಇಟ್ಕೊಳ್ಳಿ' ಅಂತ ಅವರೇ ಹೇಳಿ ಕಳಿಸಿದ್ರು. ಬಾಣಂತಿ ಮಾತು ಮೀರೋಕಾಗುತ್ತಾ?"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು, ಎದ್ದು, ಹಳೆಯ ಅಭ್ಯಾಸಕ್ಕೆ ಅಟೆನ್ಷನ್ನಿನಲ್ಲಿ ನಿಂತು ಹೇಳಿದ: "ಮೊಮ್ಮಗಳು. ಇಬ್ಬರೂ ಚೆನ್ನಾಗಿದ್ದಾರೆ. ನಿಮ್ಮನ್ನ ಬಿಡುಗಡೆ ಮಾಡಿದೆ."

ಒಳಗೆ ಹೋದೆ. ಮಗಳ ಕೂದಲು ಹಣೆಗೆ ಅಂಟಿತ್ತು. ಕೆಂಪು ಕೂಸೊಂದು ಎದೆಯ ಮೇಲೆ ಕವುಚಿ ಮಲಗಿತ್ತು. "ನೋವಾಯ್ತಪ್ಪ, ತುಂಬಾನೇ. ಆದ್ರೆ ಹೆದರಿಕೆ ಆಗಲಿಲ್ಲ. ಇವರು ಕೈ ಹಿಡ್ಕೊಂಡು ಒಂದು ಮಾತೂ ಆಡದೆ ನಿಂತಿದ್ರು. ಎಷ್ಟು ಚೆನ್ನಾಗಿತ್ತು ಗೊತ್ತಾ?" ಎಂದಳು. ಅಳಿಯ, "ಹೂಂ," ಎಂದ. ನಾನು ಕಣ್ಣೊರೆಸಿಕೊಂಡೆ. (ಅದೂ ವಿಜ್ಞಾನ.)

ಹೆಂಡತಿಯ ಕಡೆ ತಿರುಗಿದೆ. "ಲೇ, ಆವತ್ತಿನ ದ್ರೋಹಿ..."

"ಷ್! ಮಗು ಮಲಗಿದೆ," ಎಂದಳು.

ಈಗ ಮಹಡಿ ಮೆಟ್ಟಿಲಲ್ಲಿ ಮತ್ತೆ ಸಾಲು. ಕ್ಯಾಷಿಯರಮ್ಮನ ತಂಗಿ ಬಸುರಿ, ವಾರ್ತಾ ಇಲಾಖೆಯ ಸೊಸೆ ಬಸುರಿ. ಎಲ್ಲರಿಗೂ ಮಗಳು ತನ್ನ ಹೆರಿಗೆಯ ಕಥೆಯನ್ನು ನಗುನಗುತ್ತ ಹೇಳುತ್ತಾಳೆ. ಕೇಳಿದವರ ಮುಖ ಹಗುರಾಗುತ್ತದೆ. ಇಳಿದು ಹೋಗುವಾಗ ನನ್ನ ಹೆಂಡತಿಯ ಹೊಲಿಗೆ ಯಂತ್ರದ ಬಳಿ ನಿಂತು ಏನೋ ಪಿಸುಗುಟ್ಟಿ, ಒಂದು ಫೋನ್ ನಂಬರು ಪಡೆದು ಹೋಗುತ್ತಾರೆ.

ನಾನು ದಿನಾ ಡೀಸೆಲ್ಲಿನ ಬಾಗಿಲ ತನಕ ಹೋಗಿ, ಬಾಗಿಲು ಬಡಿಯದೆ ವಾಪಸು ಬರುತ್ತೇನೆ. ಮೀಸೆ ಇನ್‌ಸ್ಪೆಕ್ಟರನ ಜೊತೆಗಾದರೂ ಚಹಾ ಕುಡಿಯೋಣವೆಂದರೆ ಅವನೂ ಸಿಗುತ್ತಿಲ್ಲ. ಈ ತಿಂಗಳು ಪೂರ್ತಿ ಹೆರಿಗೆ ವಾರ್ಡಿನಲ್ಲಿ ಡ್ಯೂಟಿಯಂತೆ.