ಪತ್ರೊಡೆಗೆ ಇಂಜೆಕ್ಷನ್

ಮದ್ದಿನಿಂದ ಯಾರ ನಾಲಿಗೆಯೂ ಮರಗಟ್ಟಲಿಲ್ಲ. ನನ್ನ ಪತ್ರೊಡೆ ತುರಿಸಿತು. ನಡೆದದ್ದು ಇಷ್ಟೇ.

ಮೊಮ್ಮಗಳು ಅಶ್ವಿನಿಗೆ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ. ಅಲ್ಲಿ ಮೊಲಗಳಿಗೆ ಹೊಟ್ಟೆಯ ಆಪರೇಷನ್ ಆಗುತ್ತದೆ. ಆಮೇಲೆ ನೋವಿದ್ದರೆ ಮೊಲ ಹುಲ್ಲು ಮುಟ್ಟುವುದಿಲ್ಲ. ತಿನ್ನದ ಮೊಲ ಉಳಿಯುವುದಿಲ್ಲ. ಅದಕ್ಕೆ ಹೊಟ್ಟೆಯ ಮಾಂಸದ ಪದರಗಳ ನಡುವೆ ಸೂಜಿ ಹಾಕಿ ಮದ್ದು ಬಿಡುತ್ತಾರಂತೆ. ಹೊಟ್ಟೆ ಮಾತ್ರ ಮರಗಟ್ಟುತ್ತದೆ, ಮೊಲ ಎದ್ದು ಹುಲ್ಲು ತಿನ್ನುತ್ತದೆ. ಪದರ ತಪ್ಪಿದರೆ ಮದ್ದು ದಂಡ. ಹಾಗಾಗಿ ಕೈ ಪಳಗುವವರೆಗೆ ಮೊಲ ಮುಟ್ಟಲು ಅವಳ ಮೇಡಂ ಬಿಡುವುದಿಲ್ಲ.

"ಅಜ್ಜೀ, ಭಾನುವಾರ ಮೇಡಂ ನೆಟ್ಟಣದಲ್ಲಿ ರೈಲು ಇಳಿದು ನಮ್ಮಲ್ಲಿಗೆ ಬರ್ತಾರೆ. ನನ್ನ ಕೈ ನೋಡ್ತಾರಂತೆ. ಚುಚ್ಚಿ ತೋರಿಸ್ಲಿಕ್ಕೆ ಪದರ ಪದರ ಇರುದು ಎಂತಾದ್ರೂ ಬೇಕಿತ್ತು."

"ಪದರವಾ? ಪತ್ರೊಡೆ ಉಂಟಲ್ಲ ಮಾರಾಯ್ತಿ!"

ಕೆಸುವಿನೆಲೆಗೆ ಅಕ್ಕಿಹಿಟ್ಟು ಬಳಿದು, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿದೆ. ಪೂರ್ತಿ ಬೆಂದರೆ ಮೆತ್ತಗಾಗಿ ಸೂಜಿಗೆ ಪದರ ತಿಳಿಯದು ಎಂದು ಅರೆಬೇಯಿಸಿ ಇಳಿಸಿದೆ. ಸೂಜಿಗೆಂಥ ರುಚಿ ಎಂದು, ತುರಿಕೆ ಕಳೆಯುವ ಹುಣಸೆಹುಳಿಯನ್ನೂ ಹಾಕಲಿಲ್ಲ. ವೈದ್ಯಲೋಕಕ್ಕೆ ನನ್ನ ಕೊಡುಗೆ ಸಿದ್ಧವಾಯಿತು!

ಮೇಡಂ ಬಂದರು. ಅಶ್ವಿನಿ ಹೊಸ ಸಿರಿಂಜಿಗೆ ಶಂಖಪುಷ್ಪದ ನೀಲಿ ನೀರು ಎಳೆದು ಪತ್ರೊಡೆಗೆ ಚುಚ್ಚಿದಳು. ಕೊಯ್ದು ನೋಡಿದರೆ ಎರಡನೆಯ ಎಲೆಗೂ ಮೂರನೆಯದಕ್ಕೂ ನಡುವೆ ತೆಳ್ಳಗೆ ನೀಲಿ! ಮೇಡಂ ತಲೆದೂಗಿದರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಇರಲಿಲ್ಲ. ಅಷ್ಟು ದೊಡ್ಡ ಸುರುಳಿಯನ್ನು ಎಸೆಯುವುದುಂಟೇ? ನೀಲಿ ಭಾಗ ತೆಗೆದು, ಉಳಿದದ್ದನ್ನು ಹೋಳು ಮಾಡಿ ತೆಂಗಿನೆಣ್ಣೆಯಲ್ಲಿ ಗರಿಗರಿ ಕಾಯಿಸಿ ಬಡಿಸಿದೆ. ಬೆಂಕಿಗೆ ತುರಿಕೆ ಹೆದರುತ್ತದೆ ಎಂಬುದು ನನ್ನ ಲೆಕ್ಕ. ಹೆದರಲಿಲ್ಲ!

ಮೊದಲು ಕೂಗಿದ್ದು ನನ್ನ ಯಜಮಾನರು. "ಅಯ್ಯೋ, ನಾಲಿಗೆ ಜುಂ ಅಂತ ಉಂಟು! ಆ ಮೊಲದ ಮದ್ದು ನನ್ನ ಹೊಟ್ಟೆಗೆ ಹೋಯ್ತು. ಇನ್ನು ನಾಲಿಗೆ ಬಿದ್ದುಹೋಗುದೇ!"

"ನಿಮ್ಮ ನಾಲಿಗೆ ನಿಲ್ಲುದಾ? ಅಷ್ಟು ಪುಣ್ಯ ನನಗೆಲ್ಲಿ ಉಂಟು!" ಎಂದೆ.

ಅಷ್ಟರಲ್ಲಿ ಮೇಡಂ ಗಂಟಲು ಕೆರೆಯುತ್ತಾ ಎದ್ದು ನಿಂತರು. "ಅಶ್ವಿನಿ, ಲ್ಯಾಬಿನ ಮದ್ದು ಮನೆಗೆ ತಂದಿದ್ದೀಯಾ? ತಂದಿದ್ದರೆ ನಾಳೆಯಿಂದ ಬರುವುದು ಬೇಡ."

"ಇಲ್ಲ ಮೇಡಂ, ಅದು ಬರೀ ಹೂವಿನ ನೀರು..." ಅಶ್ವಿನಿ ಸಿರಿಂಜು ಎತ್ತಿ ತೋರಿಸಿದಳು.

"ಹೂವಿನ ನೀರಿಗೆ ಹೀಗೆ ಆಗುದಾ?" ಎಂದು ಯಜಮಾನರ ಒಗ್ಗರಣೆ ಬೇರೆ!

ಒಂದು ಕಡೆ ಮೊಮ್ಮಗಳ ಕೆಲಸ. ಇನ್ನೊಂದು ಕಡೆ ಕಡಬದಿಂದ ಸುಳ್ಯದವರೆಗೆ ನೆಂಟರಲ್ಲೆಲ್ಲ ಹಬ್ಬಿದ ನನ್ನ ಪತ್ರೊಡೆಯ ಕೀರ್ತಿ. ತಪ್ಪನ್ನು ಮದ್ದಿನ ತಲೆಗೆ ಕಟ್ಟಿದರೆ ಕೀರ್ತಿ ಉಳಿಯುತ್ತಿತ್ತು. ಕ್ಷಣ ಹೊತ್ತು ಯೋಚಿಸಿದ್ದೂ ಹೌದು!

"ಮದ್ದೂ ಇಲ್ಲ, ಮಣ್ಣೂ ಇಲ್ಲ," ಎಂದೆ. "ಹುಳಿ ಹಾಕ್ಲಿಲ್ಲ, ಸರಿ ಬೇಯಿಸ್ಲೂ ಇಲ್ಲ. ಕೆಸು ತುರಿಸುದು. ಮಾಡಿದ್ದು ನಾನು."

ಮೇಡಂ ಸೂಜಿ ತಾಗದ ತುದಿಯ ಹೋಳಿನಿಂದ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿದರು. ಅದೂ ತುರಿಸಿತು. ನಾನು ಕೆಟ್ಟ ಅಡುಗೆಯವಳೆಂದು ವೈಜ್ಞಾನಿಕವಾಗಿ ಸಾಬೀತಾಯಿತು!

ಎರಡು ಲೋಟ ಹುಳಿ ಹುಳಿ ಪುನರ್ಪುಳಿ ಶರಬತ್ತು ಕುಡಿದು ತುರಿಕೆ ಇಳಿದ ಮೇಲೆ ಅವರಿಗೆ ನಗು ಬಂತು. "ಅಶ್ವಿನಿ ನಾಳೆಯಿಂದ ಮೊಲ ಮುಟ್ಟಲಿ. ಆದರೆ ಅಜ್ಜೀ, ನೀವು ಮೊಲಗಳಿಗೆ ತಿಂಡಿ ಕಳಿಸಬೇಡಿ."

ಮರುದಿನ ಬೆಳಿಗ್ಗೆ ನೀರುದೋಸೆ ಎರೆದೆ. ಮೊದಲನೆಯದನ್ನು ಎಲ್ಲರೂ ನೋಡುವಂತೆ ನಾನೇ ತಿಂದೆ. ಆದರೂ ಯಜಮಾನರು ತಟ್ಟೆ ಮುಟ್ಟದೆ, ನನ್ನ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದರು.